ಉಪ್ಪಿಲ್ಲದ ಉಪ್ಪುಸಾರು

ಬಹಳ ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನಾನು ನನ್ನ ಅಜ್ಜಿಯನ್ನು ಕೇಳಿದಾಗ ಅವಳು ತನ್ನ ಅಜ್ಜಿಯ ಕಾಲದ್ದು ಅಂದಳು. ಆ ಅಜ್ಜಿಯನ್ನು ಕೇಳಿದ್ದರೂ ಅದನ್ನೇ ಅನ್ನುತ್ತಿದ್ದಳೋ ಏನೋ. ಊರಿನ ಹೆಸರು ಚೌಳುಕೊಪ್ಪಲು. ಅಲ್ಲಿನ ನೆಲವೆಲ್ಲ ಚೌಳು. ಬೇಸಿಗೆ ಬಂತೆಂದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತಿತ್ತು. ರಾಗಿ ಬಿತ್ತಿದರೆ ಮೊಳಕೆಯಾಗದು, ಜೋಳ ಬಿತ್ತಿದರೆ ಮೇಲೇಳದು. ಹಾಗಂತ ಆ ಊರಿನವರು ಹಸಿದು ಕೂರಲಿಲ್ಲ. ನೆಲ ಏನು ಕೊಡುತ್ತದೋ ಅದನ್ನೇ ತೆಗೆದರು. ಉಪ್ಪು ಮಾಡಿದರು.

ಕೈ ನಿಲ್ಲಿಸಬೇಡಿ, ಅವರೆಕಾಯಿ ಸುಲಿಯುತ್ತಲೇ ಕೇಳಿ.

ನನಗೆ ಚಿಕ್ಕಂದಿನಿಂದ ಒಂದು ಅನುಮಾನ ಇತ್ತು. ಸೊಪ್ಪು ಕಾಳು ಬೇಯಿಸಿ ನೀರು ಬಸಿದು ಮಾಡಿದರೆ ಅದು ಬಸ್ಸಾರು, ಸರಿ. ಸೊಪ್ಪನ್ನು ಮಸೆದರೆ ಮಸ್ಸೊಪ್ಪು, ಅದೂ ಸರಿ. ಹುರುಳಿ ಹಾಕಿದರೆ ಹುರುಳಿ ಸಾರು, ಹುಣಸೆ ಕಿವುಚಿದರೆ ಹುಳಿ. ಆದರೆ ಉಪ್ಪುಸಾರು ಅಂದರೇನು? ಉಪ್ಪು ಹಾಕದ ಸಾರು ಯಾವುದಿದೆ ಹೇಳಿ ನೋಡೋಣ. ಎಲ್ಲ ಸಾರಿಗೂ ಉಪ್ಪು ಬೀಳುತ್ತದೆ, ಇದೊಂದಕ್ಕೆ ಮಾತ್ರ ಉಪ್ಪಿನ ಹೆಸರು ಯಾಕೆ? ಮತ್ತೆ, ಬೇರೆ ಸಾರಿಗೆಲ್ಲ ಖಾರ ರುಬ್ಬಿ ಒಳಗೇ ಹಾಕುತ್ತೀವಿ. ಇದಕ್ಕೆ ಮಾತ್ರ ಖಾರವನ್ನು ಬೇರೆ ರುಬ್ಬಿ ಎಲೆಯ ಪಕ್ಕಕ್ಕೆ ಇಡುತ್ತೀವಿ. ಅದ್ಯಾಕೆ? ಕೇಳಿದರೆ ನಮ್ಮವ್ವ, "ತಿನ್ನೋ ಬಾಯಿಗೆ ಇಷ್ಟೆಲ್ಲ ಮಾತ್ಯಾಕೆ" ಅಂತ ಸೌಟು ತೋರಿಸುತ್ತಿದ್ದಳು. ಕೊನೆಗೆ ಹೇಳಿದ್ದು ಅಜ್ಜಿ. ಅವಳು ಹೇಳಿದ್ದು ಈ ಹೊನ್ನತಾಯಿಯ ಕಥೆ.

ಹೊನ್ನತಾಯಿ ಚೌಳುಕೊಪ್ಪಲಿನಲ್ಲಿ ಉಪ್ಪು ಮಾಡುವ ಹೆಂಗಸು. ಸಣ್ಣ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಆ ಕಾಲದ ಉಪ್ಪಿನ ಕೆಲಸ ಹೀಗಿತ್ತು. ಮುಂಜಾನೆ ಹೋಗಿ ಚೌಳು ಮಣ್ಣನ್ನು ಕೆರೆದು ತರಬೇಕು. ತಳದಲ್ಲಿ ತೂತು ಮಾಡಿ ಹುಲ್ಲು ಹಾಸಿದ ಗುಡಾಣಕ್ಕೆ ಅದನ್ನು ತುಂಬಿ ಮೇಲಿಂದ ನೀರು ಹೊಯ್ಯಬೇಕು. ಕೆಳಗೆ ತೊಟ್ಟು ತೊಟ್ಟಾಗಿ ಇಳಿಯುವ ನೀರನ್ನು ಗಾರೆ ಬಳಿದ ಪಾತಿಗೆ ಬಿಟ್ಟು ಬಿಸಿಲಿಗೆ ಒಣಗಿಸಬೇಕು. ನೀರು ಗಟ್ಟಿಯಾಗಿದ್ದರೆ ಉಪ್ಪು ಕೂರುತ್ತದೆ. ತೆಳುವಾಗಿದ್ದರೆ ವಾರ ಕಾದರೂ ಕೆಸರೇ ಗತಿ. ಹಾಗಾಗಿ ನೀರು ಗಟ್ಟಿಯೋ ತೆಳುವೋ ನೋಡುವುದೇ ಕಸುಬು. ಅದನ್ನು ನೋಡುವುದು ಕಣ್ಣಿನಿಂದಲ್ಲ, ನಾಲಿಗೆಯಿಂದ.

ಹೊನ್ನತಾಯಿಯ ನಾಲಿಗೆ ಅಂದರೆ ಅದೊಂದು ಸೋಜಿಗ ಅಂತಾರೆ. ಒಂದು ಹರಳು ಉಪ್ಪು ಬಾಯಿಗಿಟ್ಟರೆ ಇದು ಯಾವ ಹೊಲದ ಮಣ್ಣು, ಯಾವ ಬಾವಿಯ ನೀರು ಅಂತ ಹೇಳುತ್ತಿದ್ದಳಂತೆ. ಪಕ್ಕದ ಊರಿನವರು ಹೊಸ ಬಾವಿ ತೋಡಿ ಸಿಹಿನೀರು ಬಂತು ಅಂತ ಕುಣಿಯುತ್ತಿದ್ದರೆ ಇವಳು ಅಂಗೈಯಲ್ಲಿ ಒಂದು ಗುಟುಕು ಕುಡಿದು, ಇದು ಮೂರು ಬೇಸಿಗೆಯ ಸಿಹಿ, ಆಮೇಲೆ ಉಪ್ಪಾಗುತ್ತದೆ ಅಂದಳಂತೆ. ಹಾಗೇ ಆಯಿತು ಅಂತಾರೆ. ಹೊಲದ ಗಡಿಗೆ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರ ನಡುವೆ ಹೋಗಿ ಎರಡು ಕಡೆಯ ಮಣ್ಣು ನೆಕ್ಕಿ ನೋಡಿ ಗಡಿ ಕಲ್ಲು ಇಲ್ಲೇ ಇತ್ತು ಅಂತ ತೋರಿಸಿದಳಂತೆ. ಮದುವೆ ಮನೆಯಲ್ಲಿ ಗೋಳಾಡುತ್ತಿದ್ದ ಅತ್ತೆಯೊಬ್ಬಳ ಕಣ್ಣೀರನ್ನು ಬೆರಳಲ್ಲಿ ತೆಗೆದು ನೋಡಿ, "ಇದು ಈರುಳ್ಳಿ ನೀರು ಕಣವ್ವ" ಅಂದಳಂತೆ. ಇದನ್ನು ಮಾತ್ರ ನಾನು ನಂಬುವುದಿಲ್ಲ. ಆದರೆ ಬಿಟ್ಟು ಹೇಳಲೂ ಮನಸ್ಸು ಬರುವುದಿಲ್ಲ.

ಅವಳಿಗೆ ಇನ್ನೊಂದು ಗುಣ ಇತ್ತು. ಏನು ಕಂಡರೂ ಬಾಯಿಗಿಟ್ಟು ನೋಡುವ ಆಸೆ. ಮೊದಲ ಮಳೆಯ ಹನಿ, ಹೊಸ ಮಡಕೆಯ ಚೂರು, ದಾರಿ ಬದಿಯ ಹೆಸರಿಲ್ಲದ ಸೊಪ್ಪು, ಎಲ್ಲವೂ. ಎರಡು ಸಲ ವಾಂತಿ ಮಾಡಿಕೊಂಡಳು, ಒಂದು ಸಲ ತುಟಿ ಊದಿ ಮೂರು ದಿನ ಮಾತಾಡಲಿಲ್ಲ. ಬುದ್ಧಿ ಬಂತೇ? ಇಲ್ಲ. ತುಟಿ ಇಳಿದ ಮೇಲೆ ಮತ್ತೆ ಅದೇ ಸೊಪ್ಪನ್ನು ಬೇಯಿಸಿ ನೋಡಿದಳು ಅಂತಾರೆ.

ಇಂಥವಳನ್ನು ಸುತ್ತಲಿನ ಊರುಗಳು ಬಿಟ್ಟಾವೆಯೇ? ಮದುವೆ ಇರಲಿ, ತಿಥಿ ಇರಲಿ, ಹೆಸರಿಡುವುದಿರಲಿ, ದೊಡ್ಡ ಅಡುಗೆ ಆದಲ್ಲೆಲ್ಲ ಹೊನ್ನತಾಯಿಗೆ ಹೇಳಿ ಕಳಿಸುತ್ತಿದ್ದರು. ಅಡುಗೆಯವರು ಸೌಟಿನ ತುದಿಯಿಂದ ಒಂದು ತೊಟ್ಟು ಸಾರನ್ನು ಅವಳ ಅಂಗೈಗೆ ಬಿಡುತ್ತಿದ್ದರು. ಅವಳು ನೆಕ್ಕಿ ತಲೆಯಾಡಿಸಿದರೆ ಎಲೆ ಹಾಕುತ್ತಿದ್ದರು. ಅವಳು ಉಪ್ಪು ನೋಡದೆ ಪಂಕ್ತಿ ಕೂರುತ್ತಿರಲಿಲ್ಲ. ಅಡುಗೆಗೆ ಮಾತ್ರವಲ್ಲ, ಯಾವ ಕೆಲಸ ಸರಿಯಾಯಿತೇ ಅಂತ ಕೇಳಬೇಕಾದರೂ, "ಹೊನ್ನತಾಯಿ ನೋಡಿದ್ಲಾ?" ಅನ್ನುವುದು ಮಾತಾಗಿಬಿಟ್ಟಿತ್ತು.

ಈ ಹೊನ್ನತಾಯಿ ಒಬ್ಬಳು ಹುಡುಗಿಯನ್ನು ಸಾಕಿಕೊಂಡಿದ್ದಳು. ಅವಳ ಅಕ್ಕನ ಮಗಳು. ಅಕ್ಕನಿಗೆ ಸಾಲಾಗಿ ಐದು ಹೆಣ್ಣು ಹುಟ್ಟಿ ನಾಲ್ಕು ಹೋಗಿ, ಐದನೆಯದಕ್ಕೆ ಇನ್ನು ಸಾಕಪ್ಪ ದೇವರೇ ಅಂತ ಸಾಕಿ ಅಂತಲೇ ಹೆಸರಿಟ್ಟಿದ್ದರು. ಆ ವರ್ಷವೇ ಅಪ್ಪ ಹೋದ, ಮುಂದಿನ ವರ್ಷ ಅವ್ವ. ಪ್ರಾಣ ಬಿಡುವಾಗ ಅಕ್ಕ ಮಗುವಿನ ಕೈಯನ್ನು ಹೊನ್ನತಾಯಿಯ ಕೈಗಿಟ್ಟು, "ಇವಳಿಗೊಂದು ಮನೆ ಮಾಡ್ಕೊಡು" ಅಂದಳಂತೆ. ಹೊನ್ನತಾಯಿ ಮಾಡಿಕೊಡುತ್ತೀನಿ ಅಂದಳು. ಅಂದ ಮೇಲೆ ಮುಗಿಯಿತು.

ಆದರೆ ಸಾಕಿ ದೊಡ್ಡವಳಾದ ಮೇಲೆ ಬಂದ ಎರಡು ಸಂಬಂಧ ಮುರಿದುಹೋದವು. ಹುಡುಗಿಯಲ್ಲಿ ಕುಂದೇನೂ ಇರಲಿಲ್ಲ. ಅಪ್ಪ ಅವ್ವ ಇಲ್ಲದ ಹುಡುಗಿ, ನಾಳೆ ಬಸುರಿ ಬಾಣಂತಿ ಆದರೆ ತವರು ಅಂತ ಯಾರಿದ್ದಾರೆ, ಇರುವುದೊಂದು ಉಪ್ಪು ನೆಕ್ಕುವ ಚಿಕ್ಕವ್ವ ಅಂತ ಹಿಂದೆ ಆಡಿಕೊಂಡರು. ಹೊನ್ನತಾಯಿಯ ಕಿವಿಗೆ ಅದು ಬಿತ್ತು. ಬೀಳಲಿ ಅಂತಲೇ ಆಡಿಕೊಳ್ಳುವವರಲ್ಲವೇ ಅವರು?

ಮೂರನೆಯದು ಮರಳಹುಂಡಿಯ ಸಂಬಂಧ. ಹುಡುಗನ ಹೆಸರು ಬೆಟ್ಟಯ್ಯ. ಎತ್ತಿನ ಮೇಲೆ ಉಪ್ಪಿನ ಹೇರು ಹಾಕಿಕೊಂಡು ಹೋಗಲು ತಿಂಗಳಿಗೊಮ್ಮೆ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಬರತೊಡಗಿದ, ಆಮೇಲೆ ವಾರಕ್ಕೊಮ್ಮೆ. ಅಷ್ಟು ಉಪ್ಪು ತಿನ್ನುವ ಊರು ಯಾವುದಪ್ಪ ಅಂತ ಕೇರಿಯವರೆಲ್ಲ ನಕ್ಕರು. ಸಾಕಿ ಮಾತ್ರ ನಗಲಿಲ್ಲ. ಅವನು ಬರುವ ದಿನ ಉಪ್ಪನ್ನು ಎರಡು ಸಲ ಜರಡಿ ಹಿಡಿದು ಕೊಡುತ್ತಿದ್ದಳು. ಹೊನ್ನತಾಯಿಗೆ ತಿಳಿಯದೇ ಇರುತ್ತದೆಯೇ? ತಿಳಿಯಿತು, ಸಂತೋಷವಾಯಿತು, ಜೊತೆಗೆ ಭಯವೂ ಆಯಿತು. ಇದೊಂದು ಕೈತಪ್ಪಿದರೆ ಹುಡುಗಿಯ ಮನಸ್ಸು ಮುರಿಯುತ್ತದೆ, ಅಕ್ಕನಿಗೆ ಕೊಟ್ಟ ಮಾತೂ ಉಳಿಯುವುದಿಲ್ಲ ಅನ್ನುವುದು ಅವಳ ಭಯ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಹೊನ್ನತಾಯಿಗೆ ಜ್ವರ ಬಂತು. ಏಳು ದಿನ ಕಣ್ಣು ಬಿಡಲಿಲ್ಲ. ಎಂಟನೇ ದಿನ ಎದ್ದು ಕೂತಳು. ಸಾಕಿ ಗಂಜಿ ತಂದು ಕುಡಿಸಿದಳು. ಒಂದು ಗುಟುಕು ಕುಡಿದು ಹೊನ್ನತಾಯಿ ಉಪ್ಪು ಹಾಕಿಲ್ಲವೇನೇ ಅಂದಳು.

"ಹಾಕಿವ್ನಿ ಕಣ್ ಚಿಕ್ಕವ್ವ," ಅಂದಳು ಸಾಕಿ.

ಹೊನ್ನತಾಯಿ ಉಳಿದ ಗಂಜಿಯನ್ನು ಕುಡಿದು ಮುಗಿಸಿದಳು. ಹುಡುಗಿ ನೀರಿಗೆ ಹೋದಾಗ ಎದ್ದು ಗೋಡೆ ಹಿಡಿದುಕೊಂಡು ಅಡುಗೆ ಒಲೆಯ ಹತ್ತಿರ ಹೋದಳು. ಉಪ್ಪು ಬಾಯಿಗಿಟ್ಟಳು, ಏನೂ ಇಲ್ಲ. ಬೆಲ್ಲ ಇಟ್ಟಳು, ಏನೂ ಇಲ್ಲ. ಹುಣಸೆಹಣ್ಣು, ಬೇವಿನೆಲೆ, ಒಲೆಯ ಬೂದಿ. ಎಲ್ಲವೂ ಮಣ್ಣು ತಿಂದ ಹಾಗೆ ಅನ್ನೋಣವೆಂದರೆ ಅವಳಿಗೆ ಮಣ್ಣಿಗೂ ರುಚಿಯಿತ್ತಲ್ಲ, ಅದೂ ಇಲ್ಲ. ಕೊನೆಗೆ ಒಂದು ಒಣಮೆಣಸಿನಕಾಯಿ ಕಚ್ಚಿದಳು. ಅದು ಮಾತ್ರ ಸುಟ್ಟಿತು. ಕಣ್ಣಲ್ಲಿ ನೀರು ಬರುವಷ್ಟು ಸುಟ್ಟಿತು. ಖಾರ ಅನ್ನುವುದು ರುಚಿಯಲ್ಲ, ಬರೀ ಉರಿ, ಅದಕ್ಕೆ ಇದು ಉಳಿದಿದೆ ಅಂತ ಅವಳಿಗೆ ಅವತ್ತು ಗೊತ್ತಾಯಿತಂತೆ. ಅಷ್ಟು ಸಂಕಟದಲ್ಲೂ ಅದೊಂದು ಹೊಸ ವಿಷಯ ತಿಳಿಯಿತಲ್ಲ ಅಂತ ಒಂದು ಗಳಿಗೆ ಖುಷಿಪಟ್ಟಳು ಅಂತಾರೆ. ಎಂಥ ಹೆಂಗಸು ನೋಡಿ. ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. ನಾಲಿಗೆ ಹೋದ ಹೊನ್ನತಾಯಿಯ ಮನೆಗೆ ಯಾರು ಸಂಬಂಧ ಹುಡುಕಿಕೊಂಡು ಬರುತ್ತಾರೆ? ಮರಳಹುಂಡಿಯವರು ಬರುವುದು ಆ ಹೆಸರು ನೋಡಿಯೇ. ಮದುವೆ ಒಂದು ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡಳು.

ಮುಚ್ಚಿಡಲು ಅವಳು ಪಟ್ಟ ಪಾಡು ಒಂದೆರಡಲ್ಲ. ಉಪ್ಪುನೀರು ಗಟ್ಟಿಯಾಯಿತೋ ಇಲ್ಲವೋ ನೋಡಲು ಸೆರಗಿನಲ್ಲಿ ಕೋಳಿಮೊಟ್ಟೆ ಕಟ್ಟಿಕೊಂಡು ಹೋಗುತ್ತಿದ್ದಳು. ಯಾರೂ ಇಲ್ಲದಾಗ ನೀರಿಗೆ ಬಿಡುತ್ತಿದ್ದಳು. ಮೊಟ್ಟೆ ತೇಲಿದರೆ ನೀರು ಗಟ್ಟಿ, ಮುಳುಗಿದರೆ ತೆಳು. ದಿನಾ ಮೊಟ್ಟೆ ಕಟ್ಟಿಕೊಂಡು ಹೋಗುವುದನ್ನು ಕಂಡ ಕೇರಿಯವರು, ಹೊನ್ನತಾಯಿ ಮೊಟ್ಟೆಗೆ ಬಿಸಿಲು ಕಾಯಿಸುತ್ತಾಳೆ, ಕಾವು ಕೂರಲು ಅವಳ ಕೋಳಿಗೆ ಸೋಮಾರಿತನ ಅಂತ ಆಡಿಕೊಂಡರು. ಊಟದ ಮನೆಗಳಲ್ಲಿ ಅಡುಗೆಯವರ ಪಕ್ಕದಲ್ಲೇ ನಿಂತು ಯಾರು ಎಷ್ಟು ಹಿಡಿ ಉಪ್ಪು ಹಾಕಿದರು ಅಂತ ಕಣ್ಣಲ್ಲೇ ನೋಡಿಕೊಂಡು ತಲೆಯಾಡಿಸುತ್ತಿದ್ದಳು. ನಾಲ್ಕು ತಿಂಗಳು ಹಾಗೇ ಕಳೆದವು. ಯಾರಿಗೂ ಗೊತ್ತಾಗಲಿಲ್ಲ, ಸಾಕಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮರಳಹುಂಡಿಯವರು ಒಪ್ಪಿಗೆಗೆ ಬರುತ್ತೀವಿ ಅಂತ ಹೇಳಿ ಕಳಿಸಿದರು.

ಆ ಕಾಲದ ಒಪ್ಪಿಗೆ ಹೇಗೆ ಅಂತ ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣಿನ ಮನೆಯಲ್ಲಿ ನೀರು ಬೆಲ್ಲ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಮಾತುಕತೆ ಎಲ್ಲ ಮುಗಿದು ಎರಡೂ ಕಡೆಗೆ ಸರಿಬಂದರೆ, ಆಮೇಲೆ ಎಲೆ ಹಾಕಿಸಿಕೊಂಡು ಆ ಮನೆಯ ಉಪ್ಪು ಬಿದ್ದ ಅಡುಗೆ ಉಣ್ಣುತ್ತಿದ್ದರು. ಗಂಡಿನ ಕಡೆಯ ಹಿರಿಯ ಮೊದಲ ತುತ್ತು ನುಂಗಿದರೆ ಮುಗಿಯಿತು, ಮದುವೆ ಗಟ್ಟಿಯಾದ ಹಾಗೆಯೇ. ಅವರೂ ಹಿಂದೆಗೆಯುವಂತಿಲ್ಲ, ಇವರೂ ಹಿಂದೆಗೆಯುವಂತಿಲ್ಲ. "ಉಪ್ಪುಂಡರೆ ಒಪ್ಪು" ಅನ್ನುವುದು ಅವರ ಮಾತು. ಕಾಗದ ಪತ್ರ ಏನೂ ಇಲ್ಲ. ನಾಲಿಗೆಯ ಮೇಲಿನ ಒಂದು ಹರಳು ಉಪ್ಪೇ ಸಾಕ್ಷಿ.

ಮರಳಹುಂಡಿಯ ಹಿರಿಯ ಚನ್ನಿಗಯ್ಯ, ಬೆಟ್ಟಯ್ಯನ ದೊಡ್ಡಪ್ಪ. ಕೆಟ್ಟವನಲ್ಲ, ಆದರೆ ಕಟ್ಟುನಿಟ್ಟಿನ ಮನುಷ್ಯ. ಶಾಸ್ತ್ರ ಅಂದರೆ ಶಾಸ್ತ್ರ. ಅವನ ತಂಗಿಯ ಮದುವೆಯಲ್ಲಿ ಒಪ್ಪಿಗೆಯ ದಿನ ಗಂಡಿನ ಕಡೆಯವರು ಬರೀ ಪಾಯಸ ಉಂಡು ಎದ್ದಿದ್ದರಂತೆ, ಆಮೇಲೆ ನಿಮ್ಮ ಉಪ್ಪು ಉಂಡಿಲ್ಲ ಅಂತ ಮದುವೆಯ ಹಿಂದಿನ ದಿನ ಕೈ ಎತ್ತಿದರಂತೆ. ಅವತ್ತಿನಿಂದ ಉಪ್ಪಿನ ವಿಷಯದಲ್ಲಿ ಅವನು ಯಾರನ್ನೂ ನಂಬುತ್ತಿರಲಿಲ್ಲ.

ಆ ದಿನ ಹೊನ್ನತಾಯಿ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಅವರೆಕಾಳು, ದಂಟಿನ ಸೊಪ್ಪು ಬೇಯಲು ಇಟ್ಟಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ಇಟ್ಟು ಖಾರ ರುಬ್ಬಿದಳು. ಖಾರ ಅವಳಿಗೆ ತಿಳಿಯುತ್ತಿತ್ತು, ಅದರ ಚಿಂತೆ ಇರಲಿಲ್ಲ. ಕಾಳು ಬೆಂದಿತು. ಉಪ್ಪಿನ ಮಡಕೆಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದಳು. ಸರಿಯಾಗಿ ಆಗಲೇ ಪಕ್ಕದ ಮನೆಯ ಮಾಳವ್ವ ಬಾಗಿಲಿನಿಂದ, "ಹೊನ್ನತಾಯೀ, ಬಂದ್ರು ಕಣವ್ವ!" ಅಂತ ಕೂಗಿದಳು. ಹೊನ್ನತಾಯಿ ಹೊರಗೆ ಓಡಿದಳು. ಕೈಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಬೆಲ್ಲ ನೀರು ಕೊಟ್ಟಳು. ಮಾತು ನಡೆಯಿತು. ಎಲ್ಲ ಸರಿಬಂತು.

ಒಳಗೆ ಬಂದು ಸೌಟು ಹಿಡಿದಾಗ ಹೊನ್ನತಾಯಿಗೆ ಅನುಮಾನ ಹುಟ್ಟಿತು. ಉಪ್ಪು ಹಾಕಿದೆನೋ? ಮಡಕೆಗೆ ವಾಪಸ್ಸು ಹಾಕಿ ಓಡಿದೆನೋ?

ನಿಮಗೂ ಹೀಗಾಗಿರುತ್ತದೆ, ಅಡುಗೆ ಮಾಡುವವರಿಗೆಲ್ಲ ಆಗುತ್ತದೆ. ನಾವೇನು ಮಾಡುತ್ತೀವಿ? ಒಂದು ತೊಟ್ಟು ನೆಕ್ಕಿ ನೋಡುತ್ತೀವಿ. ಅವಳು ನೆಕ್ಕಿದಳು. ಏನು ಪ್ರಯೋಜನ? ಉಪ್ಪಿನ ಮಡಕೆಯೊಳಗೆ ಬಗ್ಗಿ ನೋಡಿದಳು. ಬೆಳಿಗ್ಗೆಯಷ್ಟೇ ತುಂಬಿದ ಮಡಕೆ, ಒಂದು ಹಿಡಿ ಹೋಗಿದ್ದು ಗೊತ್ತಾಗುವುದಾದರೂ ಹೇಗೆ? ಇನ್ನೊಂದು ಹಿಡಿ ಹಾಕಿದರೆ, ಮೊದಲೇ ಹಾಕಿದ್ದರೆ, ಬಾಯಿಗಿಡುವಂತಿಲ್ಲ. ಕೋಳಿಮೊಟ್ಟೆ ಬಿಟ್ಟು ನೋಡೋಣವೇ ಅಂತಲೂ ಒಂದು ಗಳಿಗೆ ಅನ್ನಿಸಿತಂತೆ. ಬೀಗರ ಸಾರಿನಲ್ಲಿ ಮೊಟ್ಟೆ ತೇಲಿಸಿದವಳು ಅನ್ನಿಸಿಕೊಳ್ಳುವುದೇ? ಸಾಕಿಯನ್ನು ಕೇಳೋಣವೆಂದರೆ ಗುಟ್ಟು ಅವಳಿಗೆ ತಿಳಿದುಬಿಡುತ್ತದೆ, ಬೀಗರು ಕೂತಿರುವಾಗ ಅಳಲು ಶುರುಮಾಡುತ್ತಾಳೆ. ಮಾಳವ್ವನನ್ನು ಕರೆದು ನೋಡು ಅನ್ನೋಣವೆಂದರೆ, ಹೊನ್ನತಾಯಿ ಇನ್ನೊಬ್ಬರ ಹತ್ತಿರ ಉಪ್ಪು ನೋಡಿಸಿದಳು ಅನ್ನುವ ಮಾತು ಸಾರು ಆರುವ ಮೊದಲೇ ಊರು ಸುತ್ತುತ್ತದೆ.

"ಚಿಕ್ಕವ್ವ, ಖಾರ ಬುಡ್ಲಾ?" ಅಂತ ಸಾಕಿ ಒರಳಿನ ಹತ್ತಿರದಿಂದ ಕೇಳಿದಳು. ತಡಿ ಅಂದಳು ಹೊನ್ನತಾಯಿ. ಹೊರಗಿನಿಂದ ಚನ್ನಿಗಯ್ಯ ಒಳ್ಳೆ ಗಳಿಗೆ ಮೀರುತ್ತದೆ, ಎಲೆ ಹಾಕಿ ಅಂದ. ಇಷ್ಟು ವರ್ಷ ಮಾಡಿದ ಕೈ, ಹಾಕಿಯೇ ಇರುತ್ತೀನಿ ಅಂತ ಹೊನ್ನತಾಯಿ ಗಟ್ಟಿ ಮನಸ್ಸು ಮಾಡಿದಳು. ಆ ಗಡಿಬಿಡಿಯಲ್ಲಿ ಖಾರ ಒರಳಿನಲ್ಲೇ ಉಳಿಯಿತು. ಸಾರು ಹಾಗೇ ಹೊರಗೆ ಹೋಯಿತು.

ಮುತ್ತುಗದ ಎಲೆಯ ಮೇಲೆ ಬಿಸಿ ಮುದ್ದೆ, ಪಕ್ಕಕ್ಕೆ ಸಾರು. ಊರಿನ ನಾಲ್ಕು ಜನ ನೋಡುತ್ತಾ ನಿಂತರು. ಚನ್ನಿಗಯ್ಯ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟ. ಬಾಯಿಗಿಟ್ಟವನು ನುಂಗಲಿಲ್ಲ. ತುತ್ತನ್ನು ಎಡಗೈಗೆ ತೆಗೆದು ಎಲೆಯ ಆಚೆಗೆ ಇಟ್ಟ.

"ಉಪ್ಪಿಲ್ಲ," ಅಂದ.

ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ನಗುತ್ತಿದ್ದರು, ಒಂದು ಚಿಟಿಕೆ ಹಾಕಿಸಿಕೊಂಡು ಉಣ್ಣುತ್ತಿದ್ದರು. ಆದರೆ ಇದು ಹೊನ್ನತಾಯಿಯ ಮನೆ. ಊರ ಉಪ್ಪು ನೋಡುವವಳ ಮನೆಯಲ್ಲಿ ಉಪ್ಪು ತಪ್ಪುತ್ತದೆಯೇ? ತಪ್ಪುವುದಿಲ್ಲ. ತಪ್ಪುವುದಿಲ್ಲ ಅಂದ ಮೇಲೆ ಬೇಕೆಂದೇ ಬಿಟ್ಟಿದ್ದಾಳೆ. ಬೇಕೆಂದೇ ಬಿಟ್ಟಿದ್ದಾಳೆ ಅಂದರೆ ಈ ಸಂಬಂಧ ಬೇಡ ಅಂತ ಬಾಯಿಬಿಟ್ಟು ಹೇಳದೆ ಹೇಳುತ್ತಿದ್ದಾಳೆ. ಚನ್ನಿಗಯ್ಯನ ಬುದ್ಧಿ ಹೀಗೆ ಓಡಿತು. ನೀವೇ ಹೇಳಿ, ಅದರಲ್ಲಿ ತಪ್ಪೇನಿದೆ?

"ಸೂತಕದ ಮನೇಲಿ ಇಕ್ಕೋ ಸಪ್ಪೆ ಊಟವ ನಮಗ್ ಇಕ್ಕಿದ್ದೀಯ, ಹೊನ್ನತಾಯವ್ವ. ಬ್ಯಾಡ ಅನ್ನಂಗಿದ್ರೆ ಬಾಯಲ್ಲೇ ಅನ್ಬೋದಿತ್ತು," ಅಂದ ಅವನು. ಜೊತೆಯವರೂ ಎಲೆಯಿಂದ ಕೈ ತೆಗೆದರು. ಬೆಟ್ಟಯ್ಯ ಬಾಗಿಲ ಹತ್ತಿರ ನಿಂತಿದ್ದ ಸಾಕಿಯನ್ನೇ ನೋಡುತ್ತಿದ್ದ, ಏನಾಯಿತು ಅಂತ ಅವನಿಗೆ ಅರ್ಥವಾಗಲಿಲ್ಲ.

ಮಾಳವ್ವ ಒಳ್ಳೆಯದು ಮಾಡಲು ಹೋಗಿ, "ಇಲ್ಲ ಕಣ್ರಪ್ಪ, ಉಡ್ಗಿ ಅಡ್ಗೆ ಮಾಡ್ದೋಳು, ಮರ್ತವ್ಳೆ," ಅಂದುಬಿಟ್ಟಳು. ಆಗ ಸಾಕಿ ಮುಂದೆ ಬಂದು, "ಊಂ, ನಾನೇ ಮರ್ತೆ," ಅಂದಳು. ಚಿಕ್ಕವ್ವನ ಹೆಸರು ಉಳಿಯಲಿ ಅಂತ. ಹೊನ್ನತಾಯಿಗೆ ಮುಂದಿನದು ಕಂಡಿತು. ಉಪ್ಪು ಮರೆತ ಹುಡುಗಿ ಅಂತ ಮೊದಲ ದಿನವೇ ಹೆಸರು ಬಂದರೆ ಆ ಮನೆಯಲ್ಲಿ ಅವಳು ಮುದುಕಿಯಾಗುವ ತನಕ ಅದೇ ಹೆಸರು. ಒಂದು ಕಡೆ ತನ್ನ ಹೆಸರು, ಇನ್ನೊಂದು ಕಡೆ ಈ ಹುಡುಗಿ. ಯೋಚಿಸಲು ಏನಿತ್ತು?

"ಉಡ್ಗಿ ಸುಳ್ ಏಳ್ತಾ ಅವ್ಳೆ," ಅಂದಳು ಹೊನ್ನತಾಯಿ. "ಮಾಡ್ದೋಳು ನಾನು. ನನ್ ನಾಲ್ಗೆ ಸತ್ತು ನಾಕ್ ತಿಂಗ್ಳಾಯ್ತು ಯಜಮಾನ್ರೆ. ಉಪ್ಪು ಹಾಕಿದ್ನೋ ಇಲ್ವೋ ಅಂತ ನೋಡ್ಕೊಳಕ್ಕೆ ನಂಗೆ ಆಗ್ನಿಲ್ಲ. ಯಾರ್ನಾದ್ರೂ ಕೇಳಕ್ಕೆ ನಾಚ್ಕೆ ಆಯ್ತು."

ಯಾರೂ ನಂಬಲಿಲ್ಲ. ಚನ್ನಿಗಯ್ಯ ಅಂತೂ ಅಡ್ಡಡ್ಡ ತಲೆಯಾಡಿಸಿಬಿಟ್ಟ. ಹೊನ್ನತಾಯಿ ಒಳಗೆ ಹೋಗಿ ಉಪ್ಪಿನ ಮಡಕೆ ತಂದಳು. ಎಲ್ಲರ ಮುಂದೆ ಒಂದು ಹಿಡಿ ಹರಳುಪ್ಪು ತೆಗೆದು ಬಾಯಿಗೆ ಹಾಕಿಕೊಂಡಳು. ಹುರಿಗಡಲೆ ತಿನ್ನುವ ಹಾಗೆ ಅಗಿದು ತಿಂದಳು. ಮುಖ ಕಿವುಚಲಿಲ್ಲ, ಹುಬ್ಬು ಅಲುಗಲಿಲ್ಲ ಅಂತಾರೆ. ಅದನ್ನು ನೋಡಿದ ಮೇಲೆ ಮಾಳವ್ವ ಜೋರಾಗಿ ಅಳಲು ಶುರುಮಾಡಿದಳು. ಸಾಕಿ ಬಂದು ಚಿಕ್ಕವ್ವನ ಕೈ ಹಿಡಿದುಕೊಂಡು, ನಂಗಾದ್ರೂ ಹೇಳಬಾರದಿತ್ತಾ ಅಂದಳು. ಕೇರಿಯವರಿಗೆಲ್ಲ ಆಗ ಮೊಟ್ಟೆಯ ವಿಷಯ ಅರ್ಥವಾಯಿತು. ನಕ್ಕವರೆಲ್ಲ ತಲೆ ತಗ್ಗಿಸಿದರು.

ಹೊನ್ನತಾಯಿ ಅಲ್ಲಿಗೇ ನಿಲ್ಲಿಸಲಿಲ್ಲ. ಪ್ರತಿ ಎಲೆಯ ತುದಿಗೂ ಒಂದು ಚಿಟಿಕೆ ಉಪ್ಪು ಇಟ್ಟಳು. ಒರಳಿನಲ್ಲಿದ್ದ ಖಾರ ತಂದು ಅದರ ಪಕ್ಕಕ್ಕೆ ಒಂದೊಂದು ಉಂಡೆ ಇಟ್ಟಳು.

"ನನ್ ನಾಲ್ಗೆ ನಂಬ್ಕಂಡು ಇನ್ ಯಾರೂ ಉಣ್ಬ್ಯಾಡಿ. ಉಪ್ಪು ನಿಮ್ ಕೈಲೈತೆ, ಖಾರ ನಿಮ್ ಕೈಲೈತೆ. ಬೇಕಾದ್ರೆ ಕಲ್ಸ್ಕಳಿ. ಬ್ಯಾಡ ಅಂದ್ರೆ ಏಳಿ, ನಾನು ಬೇಜಾರ್ ಮಾಡ್ಕಳಕ್ಕಿಲ್ಲ," ಅಂದಳು. ಬೇಜಾರು ಮಾಡಿಕೊಳ್ಳುವುದಿಲ್ಲ ಅನ್ನುವುದು ಶುದ್ಧ ಸುಳ್ಳು, ಅವಳ ಪ್ರಾಣವೇ ಆ ಎಲೆಗಳ ಮೇಲೆ ಇತ್ತು.

ಈಗ ಚನ್ನಿಗಯ್ಯನಿಗೆ ಪೀಕಲಾಟ. ಅವನು ಶಾಸ್ತ್ರದ ಮನುಷ್ಯ. ಶಾಸ್ತ್ರದ ಪ್ರಕಾರ ಹೆಣ್ಣಿನ ಮನೆಯವರು ಹಾಕಿದ ಉಪ್ಪು ಉಣ್ಣಬೇಕು. ಇಲ್ಲಿ ಉಪ್ಪು ಅವರದ್ದೇ, ಆದರೆ ಹಾಕಿಕೊಳ್ಳುವ ಕೈ ತನ್ನದು. ಇದು ಒಪ್ಪು ಆಗುತ್ತದೆಯೋ ಇಲ್ಲವೋ? ಜೊತೆಯಲ್ಲಿದ್ದ ಒಬ್ಬ ಆಗುತ್ತದೆ ಅಂದ, ಇನ್ನೊಬ್ಬ ಆಗುವುದಿಲ್ಲ ಅಂದ. ಮುದ್ದೆ ಆರುತ್ತಿತ್ತು.

ಕೊನೆಗೆ ಚನ್ನಿಗಯ್ಯ ಮಾತಾಡಿದ. ಇಷ್ಟು ವರ್ಷ ಸಾರಿನಲ್ಲಿ ಕರಗಿಹೋದ ಉಪ್ಪನ್ನು ಉಂಡು ಒಪ್ಪು ಅಂದೆವು. ಎಷ್ಟೋ ಜನ ಗೊತ್ತಿಲ್ಲದೆ ಉಂಡರು, ಎಷ್ಟೋ ಜನ ದಾಕ್ಷಿಣ್ಯಕ್ಕೆ ಉಂಡರು, ಉಂಡು ಆಮೇಲೆ ಮಾತು ತಪ್ಪಿದವರೂ ಉಂಟು. ಕಣ್ಣಿಗೆ ಕಾಣುವ ಉಪ್ಪನ್ನು ತನ್ನ ಕೈಯಾರೆ ತೆಗೆದು, ತಾನೇ ಕಲಸಿಕೊಂಡು ಉಂಡವನು ನಾಳೆ ಉಂಡಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಾನೆ? ಇದಕ್ಕಿಂತ ದೊಡ್ಡ ಒಪ್ಪು ಯಾವುದಿದೆ? ಹೀಗಂದು ಚಿಟಿಕೆ ಉಪ್ಪು ತೆಗೆದು ಸಾರಿಗೆ ಹಾಕಿದ. ಬೆರಳ ತುದಿಯಲ್ಲಿ ಖಾರ ಕಲಸಿದ. ತುತ್ತು ಮುರಿದು, ಅದ್ದಿ, ನುಂಗಿದ.

ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.

ಅವನು ಇನ್ನೊಂದು ತುತ್ತು ನುಂಗಿದ, ಮತ್ತೊಂದು ನುಂಗಿದ. ಖಾರ ಎಲ್ಲ ಸಾರಿಗೆ ಸೇರದೇ ಇದ್ದುದರಿಂದ ಅವರೆಕಾಳಿನ ಸಿಹಿ ಬೇರೆ, ದಂಟಿನ ಒಗರು ಬೇರೆ, ಎಲ್ಲವೂ ನಾಲಿಗೆಗೆ ತಿಳಿಯುತ್ತಿತ್ತು. ಇಂಥ ಸಾರು ಅವನು ಅದುವರೆಗೆ ಉಂಡಿರಲಿಲ್ಲ. ಎಲೆ ಖಾಲಿಯಾಯಿತು. ಆಗ ತಲೆಯೆತ್ತಿ ಹೊನ್ನತಾಯಿಯನ್ನು ನೋಡಿದ.

"ಬೀಗಿತ್ತಿ, ಇನ್ನೊಂದ್ ಹಿಟ್ಟಿಕ್ಕು," ಅಂದ.

ಹೊನ್ನತಾಯವ್ವ ಅಂತ ಕರೆಯಲಿಲ್ಲ, ಬೀಗಿತ್ತಿ ಅಂತ ಕರೆದ. ಆ ಒಂದು ಮಾತಿಗೆ ಹೊನ್ನತಾಯಿ ನಿಂತಲ್ಲೇ ಕುಸಿದು ಕೂತಳು. ಮುದ್ದೆ ಬಡಿಸಿದವಳು ಮಾಳವ್ವ.

ಮರಳಹುಂಡಿಗೆ ಹೋದ ಮೇಲೆ ಮನೆಯ ಹೆಂಗಸರು ಕೇಳದೇ ಬಿಡುತ್ತಾರೆಯೇ? ಏನಿಕ್ಕಿದರು, ಸಾರು ಯಾವುದು ಅಂತ ಕೇಳಿದರು. ಗಂಡಸರು ನಕ್ಕು, ಅಯ್ಯೋ, ಅದು ಉಪ್ಪುಸಾರು ಅಂದರು. ಉಪ್ಪೇ ಇಲ್ಲದ ಸಾರಿಗೆ ತಮಾಷೆಗೆ ಇಟ್ಟ ಹೆಸರು, ಕುಳ್ಳನನ್ನು ಉದ್ದಪ್ಪ ಅನ್ನುವ ಹಾಗೆ. ಹೆಂಗಸರಿಗೆ ತಮಾಷೆ ತಿಳಿಯಲಿಲ್ಲ, ಹೆಸರು ಮಾತ್ರ ತಿಳಿಯಿತು. ಮಾರನೇ ದಿನ ತಾವೂ ಮಾಡಿದರು. ಅಲ್ಲಿಂದ ಪಕ್ಕದ ಊರಿಗೆ, ಅಲ್ಲಿಂದ ಇನ್ನೊಂದು ಊರಿಗೆ ಹೋಯಿತು. ಹೋಗುತ್ತಾ ಹೋಗುತ್ತಾ ಯಾರೋ ಸೋಮಾರಿ ಸೊಸೆ ಎಲೆಗೆ ಉಪ್ಪಿಡುವ ಬದಲು ಪಾತ್ರೆಗೇ ಹಾಕಿದಳು. ಖಾರ ಮಾತ್ರ ಇವತ್ತಿಗೂ ಬೇರೆಯೇ ಉಳಿಯಿತು. ಹೀಗೆ ಅಂತಾರೆ. ಬೇರೆ ಊರಿನಲ್ಲಿ ಬೇರೆ ಥರ ಹೇಳಿದರೆ ಜಗಳಕ್ಕೆ ಹೋಗಬೇಡಿ.

ಹೊನ್ನತಾಯಿಯ ನಾಲಿಗೆ ಮತ್ತೆ ಬಂತೇ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಬರಲಿಲ್ಲ. ಸಾಕಿಯ ಮದುವೆಯ ದಿನ ಅವಳು ಅಡುಗೆಯ ಚಪ್ಪರದ ಹತ್ತಿರ ಸುಳಿಯಲೂ ಇಲ್ಲ, ಹಿತ್ತಲಲ್ಲಿ ಎಲೆ ಒರೆಸುತ್ತಾ ಕೂತಿದ್ದಳು. ಇನ್ನು ನನ್ನ ಕೆಲಸ ಇಷ್ಟೇ ಅಂತ ಅವಳಿಗೆ ತಿಳಿದಿತ್ತು. ಅಷ್ಟರಲ್ಲಿ ಅಡುಗೆಯವನು ಸೌಟು ಹಿಡಿದುಕೊಂಡು ಹಿತ್ತಲಿಗೇ ಬಂದು, ಕೈ ಒಡ್ಡು ಅಂದ. ನನಗೇನು ತಿಳಿಯುತ್ತದೆ ಅಂತ ಅವಳು ಅಂದಳು. ನಿನಗೆ ತಿಳಿಯದಿದ್ದರೆ ಬೇಡ, ನೀನು ನೋಡದೆ ಎಲೆ ಹಾಕಬಾರದು ಅಂತ ಬೀಗರು ಹೇಳಿದ್ದಾರೆ ಅಂದ ಅವನು. ಚಪ್ಪರದ ಕಡೆ ನೋಡಿದರೆ ಚನ್ನಿಗಯ್ಯ ಕೈ ಕಟ್ಟಿಕೊಂಡು ನಿಂತಿದ್ದ. ಹೊನ್ನತಾಯಿ ಅಂಗೈ ಒಡ್ಡಿದಳು, ನೆಕ್ಕಿದಳು. ಏನೂ ತಿಳಿಯಲಿಲ್ಲ. ಚೆನ್ನಾಗಿದೆ, ಇಕ್ಕಿ ಅಂದಳು. ಆಮೇಲೆ ಅವಳು ಇದ್ದಷ್ಟು ಕಾಲವೂ ಹಾಗೇ ನಡೆಯಿತು. ಯಾರ ಸಾರಿನಲ್ಲಿ ಉಪ್ಪು ಹೆಚ್ಚಾಯಿತು, ಯಾರದರಲ್ಲಿ ಕಡಿಮೆಯಾಯಿತು ಅಂತ ಯಾರೂ ಅವಳ ಮುಂದೆ ಆಡಲಿಲ್ಲ.

ಚೌಳುಕೊಪ್ಪಲಿನಲ್ಲಿ ಈಗ ಯಾರೂ ಉಪ್ಪು ಮಾಡುವುದಿಲ್ಲ. ಆದರೆ ಒಪ್ಪಿಗೆಯ ದಿನ ಗಂಡಿನ ಕಡೆಯ ಹಿರಿಯ ಎಲೆಯ ತುದಿಯ ಉಪ್ಪನ್ನು ತನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾನೆ. ಮನೆಯಲ್ಲಿ ಉಪ್ಪುಸಾರು ಮಾಡಿದ ದಿನ ಮಾಡಿದವಳು ತಾನು ರುಚಿ ನೋಡುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರೋ, ಜ್ವರದಿಂದ ಎದ್ದವರು ಯಾರೋ, ಯಾರ ನಾಲಿಗೆ ಸೋತಿದೆಯೋ ಅವರ ಹತ್ತಿರ ಹೋಗಿ ಅಂಗೈಗೆ ಒಂದು ತೊಟ್ಟು ಬಿಡುತ್ತಾಳೆ. ಅವರು ಏನಂದರೆ ಅದೇ ಸರಿ.

ಹೋದ ಸಂಕ್ರಾಂತಿಯಲ್ಲಿ ನಾನು ಆ ಊರಿನ ನೆಂಟರ ಮನೆಗೆ ಹೋಗಿದ್ದೆ. ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಜಗಲಿಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಹಲ್ಲಿಲ್ಲ, ಕಣ್ಣು ಮಂಜು, ಯಾರು ಬಂದರು ಅಂತಲೂ ಅವಳಿಗೆ ತಿಳಿಯುತ್ತಿರಲಿಲ್ಲ. ಸೊಸೆ ಬಂದು ಅವಳ ಅಂಗೈ ಬಿಡಿಸಿ ಒಂದು ತೊಟ್ಟು ಸಾರು ಬಿಟ್ಟಳು. ಅಜ್ಜಿ ನೆಕ್ಕಿದಳು. ಬಹಳ ಹೊತ್ತು ಯೋಚಿಸಿದಳು. ಮನೆಮಂದಿಯೆಲ್ಲ ಹಸಿದುಕೊಂಡು ಕಾಯುತ್ತಿದ್ದೆವು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ವಸಿ ಸಪ್ಪೆ ಕಣವ್ವ," ಅಂದಳು. ಸೊಸೆ ಆಗಲಿ ಅತ್ತೆ ಅಂತ ಒಳಗೆ ಹೋಗಿ ಇನ್ನೊಂದು ಚಿಟಿಕೆ ಹಾಕಿದಳು. ಸಾರು ಉಪ್ಪಾಯಿತು. ನಾವೆಲ್ಲ ಎರಡೆರಡು ಮುದ್ದೆ ಉಂಡೆವು.